ಬೆಕ್ಕಿಗೆ ಡಯಾಬಿಟಿಸ್: ಮನೆಯಲ್ಲಿ ಇನ್ಸುಲಿನ್ ಡೋಸ್ ನೋಡಿಕೊಳ್ಳುವುದು ಹೇಗೆ

ಬೆಕ್ಕಿಗೆ ಡಯಾಬಿಟಿಸ್ ಇದೆ ಅಂತ ಡಾಕ್ಟರ್ ಹೇಳಿದಾಗ ಹೆಚ್ಚಿನವರಿಗೆ ಮೊದಲು ಹೆದರಿಕೆಯಾಗುವುದು ಸೂಜಿಯ ಬಗ್ಗೆ. ದಿನಕ್ಕೆ ಎರಡು ಸಲ, ಇಷ್ಟು ಚಿಕ್ಕ ಪ್ರಾಣಿಗೆ, ನಾನೇ ಚುಚ್ಚಬೇಕಾ? ನಿಜ ಹೇಳಬೇಕೆಂದರೆ ಇದರಲ್ಲಿ ಸುಲಭದ ಭಾಗವೇ ಸೂಜಿ. ಸ್ವಲ್ಪ ದಿನದಲ್ಲಿ ಕೈ ಪಳಗುತ್ತದೆ, ಬೆಕ್ಕು ತಟ್ಟೆಯಿಂದ ತಲೆ ಎತ್ತುವ ಮುಂಚೆ ಕೆಲಸ ಮುಗಿದಿರುತ್ತದೆ. ತಲೆಕೆಡಿಸಿಕೊಳ್ಳಬೇಕಾದದ್ದು ಡೋಸ್ ಬಗ್ಗೆ. ಎಷ್ಟು ಕೊಡಬೇಕು, ಯಾವತ್ತು ಕೊಡಬಾರದು, ಸಕ್ಕರೆ ಇಳಿಯುತ್ತಿಲ್ಲ ಅಂತ ಕೈ ತುರಿಸಿದಾಗ ಸುಮ್ಮನಿರುವುದು ಹೇಗೆ, ಇಷ್ಟು ಗೊತ್ತಾದರೆ ಉಳಿದದ್ದು ದಿನಚರಿ.

ಎಲ್ಲಕ್ಕಿಂತ ಮೊದಲು ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ಸಕ್ಕರೆ ಜಾಸ್ತಿಯಾದರೆ ಅದರ ಹಾನಿ ನಿಧಾನವಾಗಿ ಬರುತ್ತದೆ, ದಿನಗಳು, ವಾರಗಳು ಹಿಡಿಯುತ್ತದೆ. ಸಕ್ಕರೆ ತೀರಾ ಕೆಳಗೆ ಹೋದರೆ ಕೆಲವೇ ಗಂಟೆಗಳಲ್ಲಿ ಬೆಕ್ಕು ಸಾಯಬಹುದು. ಹಾಗಾಗಿ ಏನು ಮಾಡಬೇಕೆಂದು ಗೊತ್ತಾಗದ ಪ್ರತಿ ಸಲವೂ ಕಡಿಮೆಯ ಕಡೆಗೇ ವಾಲಿ. ಒಂದು ಡೋಸ್ ತಪ್ಪಿದರೆ ಬೆಕ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒಂದು ಡೋಸ್ ಎರಡಾದರೆ ಆಗುತ್ತದೆ.

ಇನ್ನೊಂದು ವಿಷಯ. ಈ ಲೇಖನ ನಿಮ್ಮ ಪಶುವೈದ್ಯರ ಬದಲಿಗೆ ಅಲ್ಲ. ಮೊದಲ ಡೋಸ್ ಅವರೇ ಹೇಳಬೇಕು, ಬದಲಾವಣೆಯೂ ಅವರನ್ನು ಕೇಳಿಯೇ ಆಗಬೇಕು. ನಿಮ್ಮ ಕೆಲಸ ಸರಿಯಾಗಿ ಅಳೆಯುವುದು, ಸರಿಯಾಗಿ ಕೊಡುವುದು, ಬರೆದಿಡುವುದು, ಮತ್ತು ಅಪಾಯವನ್ನು ಬೇಗ ಗುರುತಿಸುವುದು. ಇದು ಸಣ್ಣ ಕೆಲಸವಲ್ಲ. ಬೆಕ್ಕನ್ನು ದಿನವಿಡೀ ನೋಡುವವರು ನೀವು, ಡಾಕ್ಟರ್ ಅಲ್ಲ.

ಮೈಯೊಳಗೆ ಏನಾಗಿದೆ

ಬೆಕ್ಕುಗಳ ಡಯಾಬಿಟಿಸ್ ಹೆಚ್ಚಾಗಿ ಮನುಷ್ಯರ ಟೈಪ್ 2 ಥರದ್ದು. ಮೇದೋಜ್ಜೀರಕ ಗ್ರಂಥಿ ಇನ್ನೂ ಒಂದಷ್ಟು ಇನ್ಸುಲಿನ್ ಮಾಡುತ್ತಿರುತ್ತದೆ, ಆದರೆ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ದಪ್ಪಗಿರುವ, ವಯಸ್ಸಾದ, ಸಂತಾನಹರಣ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಇದು ಜಾಸ್ತಿ. ಚರ್ಮದ ಅಲರ್ಜಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ಕೊಟ್ಟ ಮೇಲೂ ಶುರುವಾಗಬಹುದು. ಬಹಳ ದಿನ ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಇನ್ಸುಲಿನ್ ಮಾಡುವ ಜೀವಕೋಶಗಳೇ ಸೋತು ಕೂರುತ್ತವೆ. ಹೊರಗಿನಿಂದ ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿದರೆ ಅವುಗಳಿಗೆ ವಿಶ್ರಾಂತಿ ಸಿಗುತ್ತದೆ, ಎಷ್ಟೋ ಬೆಕ್ಕುಗಳಲ್ಲಿ ಅವು ಮತ್ತೆ ಕೆಲಸ ಶುರು ಮಾಡುತ್ತವೆ, ಕೊನೆಗೆ ಇನ್ಸುಲಿನ್ ನಿಲ್ಲಿಸುವ ದಿನವೂ ಬರುತ್ತದೆ. ಬೇಗ ಶುರು ಮಾಡಿದಷ್ಟೂ ಈ ಸಾಧ್ಯತೆ ಹೆಚ್ಚು. ಆದ್ದರಿಂದ 'ಸ್ವಲ್ಪ ದಿನ ಊಟ ಬದಲಿಸಿ ನೋಡೋಣ, ಆಮೇಲೆ ಸೂಜಿ' ಅಂತ ತಿಂಗಳುಗಟ್ಟಲೆ ಮುಂದೂಡಬೇಡಿ.

ಇದೇ ಕಾರಣಕ್ಕೆ ಬೆಕ್ಕಿನ ಡೋಸ್ ಒಂದೇ ಕಡೆ ನಿಲ್ಲುವುದಿಲ್ಲ. ಇವತ್ತು ಸರಿ ಇರುವ ಡೋಸ್ ಇನ್ನೊಂದು ತಿಂಗಳಿಗೆ ಜಾಸ್ತಿಯಾಗಿರಬಹುದು. ಇದನ್ನು ಮರೆತವರ ಮನೆಯಲ್ಲೇ ಲೋ ಶುಗರ್ ಆಗುವುದು.

ಬಾಟಲಿ ಮತ್ತು ಸಿರಿಂಜ್ ಒಂದಕ್ಕೊಂದು ಹೊಂದಬೇಕು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ದೊಡ್ಡ ಅನಾಹುತಗಳು ಆಗುವುದು ಇಲ್ಲೇ.

ಇನ್ಸುಲಿನ್ ಬಾಟಲಿಯ ಮೇಲೆ ಯು-40 ಅಥವಾ ಯು-100 ಅಂತ ಬರೆದಿರುತ್ತದೆ. ಯು-40 ಅಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್. ಯು-100 ಅಂದರೆ ಅದೇ ಒಂದು ಮಿಲಿಲೀಟರಿನಲ್ಲಿ 100 ಯೂನಿಟ್. ಪ್ರಾಣಿಗಳಿಗೆಂದೇ ಬರುವ ಪ್ರೋಜಿಂಕ್, ಕ್ಯಾನಿನ್ಸುಲಿನ್ ಇವು ಯು-40. ಮನುಷ್ಯರಿಗಾಗಿ ಮಾಡಿ ಬೆಕ್ಕುಗಳಿಗೂ ಬಳಸುವ ಗ್ಲಾರ್ಜಿನ್, ಅಂದರೆ ಲ್ಯಾಂಟಸ್ ಥರದ್ದು, ಯು-100. ಸಿರಿಂಜ್‌ಗಳೂ ಹಾಗೆಯೇ ಎರಡು ಬಗೆ. ಸಾಮಾನ್ಯವಾಗಿ ಯು-40 ಸಿರಿಂಜಿಗೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ ಮುಚ್ಚಳ. ಆದರೆ ಬಣ್ಣ ನಂಬಬೇಡಿ, ಕೊಳವೆಯ ಮೇಲಿನ ಅಕ್ಷರ ಓದಿ.

ಅದಲು ಬದಲಾದರೆ ಏನಾಗುತ್ತದೆ ನೋಡಿ. ಯು-100 ಇನ್ಸುಲಿನ್ನನ್ನು ಯು-40 ಸಿರಿಂಜಿನಲ್ಲಿ '1' ಗೆರೆಯವರೆಗೆ ಎಳೆದರೆ ಬೆಕ್ಕಿಗೆ ಹೋಗುವುದು 1 ಯೂನಿಟ್ ಅಲ್ಲ, ಎರಡೂವರೆ ಯೂನಿಟ್. ಅದು ಪ್ರಾಣಕ್ಕೇ ಸಂಚಕಾರ. ತಿರುಗಾ ಮುರುಗಾ ಮಾಡಿ, ಯು-40 ಇನ್ಸುಲಿನ್ನನ್ನು ಯು-100 ಸಿರಿಂಜಿನಲ್ಲಿ '1'ರವರೆಗೆ ಎಳೆದರೆ ಹೋಗುವುದು 0.4 ಯೂನಿಟ್ ಮಾತ್ರ, ಆಗ ವಾರಗಟ್ಟಲೆ ಕೊಟ್ಟರೂ ಸಕ್ಕರೆ ಇಳಿಯುವುದಿಲ್ಲ, ನೀವು ಡೋಸ್ ಸಾಲದು ಅಂದುಕೊಳ್ಳುತ್ತೀರಿ. ಕೆಲವು ಅನುಭವಿಗಳು ಬೇಕೆಂದೇ ಯು-40 ಇನ್ಸುಲಿನ್ನಿಗೆ ಯು-100 ಸಿರಿಂಜ್ ಬಳಸಿ ಎರಡೂವರೆಯಿಂದ ಗುಣಿಸಿ ಅಳೆಯುತ್ತಾರೆ, ಸಣ್ಣ ಡೋಸ್ ನಿಖರವಾಗಿ ಸಿಗುತ್ತದೆ ಅಂತ. ಲೆಕ್ಕ ಸರಿಯೇ. ಆದರೆ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಮಾಡುವ ಲೆಕ್ಕ ಅದು. ವೈದ್ಯರು ಎದುರು ಕೂರಿಸಿ ಪಟ್ಟಿ ಬರೆದುಕೊಟ್ಟರೆ ಮಾತ್ರ ಆ ದಾರಿ ಹಿಡಿಯಿರಿ.

ಯು-300 ಅಂತಲೂ ಒಂದಿದೆ, ಟೌಜಿಯೋ ಪೆನ್. ಅದರಿಂದ ಸಿರಿಂಜಿನಲ್ಲಿ ಎಳೆಯಲೇಬಾರದು. ಔಷಧಿ ಅಂಗಡಿಯವರು 'ಇದೂ ಗ್ಲಾರ್ಜಿನ್ನೇ' ಅಂತ ಕೊಟ್ಟರೆ ವಾಪಸ್ ಕೊಡಿ.

ಯು-100 ಇನ್ಸುಲಿನ್ ಬಳಸುವವರು 0.3 ಮಿಲಿಲೀಟರಿನ, ಅರ್ಧ ಯೂನಿಟ್ ಗೆರೆಗಳಿರುವ ಸಿರಿಂಜ್ ಹುಡುಕಿಕೊಳ್ಳಿ. ಬೆಕ್ಕಿಗೆ ಸಾಮಾನ್ಯವಾಗಿ ಶುರುವಾಗುವುದೇ 12 ಗಂಟೆಗೊಮ್ಮೆ 1 ಯೂನಿಟ್‌ನ ಆಸುಪಾಸಿನಲ್ಲಿ, ದೊಡ್ಡ ಬೆಕ್ಕಾದರೂ ಶುರುವಿನ ಡೋಸ್ 2 ಯೂನಿಟ್ ದಾಟಿಸುವುದಿಲ್ಲ. ಯು-100ರಲ್ಲಿ 1 ಯೂನಿಟ್ ಅಂದರೆ 0.01 ಮಿಲಿಲೀಟರ್. ಒಂದು ಹನಿಯ ಐದನೇ ಒಂದು ಭಾಗ ಅಂದುಕೊಳ್ಳಿ. ದೊಡ್ಡ ಸಿರಿಂಜಿನಲ್ಲಿ ಅದು ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ.

ಇನ್ಸುಲಿನ್ ಇಡುವುದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್. ಫ್ರೀಜರಿನ ಪಕ್ಕಕ್ಕೆ ತಳ್ಳಬೇಡಿ, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಬಿಸಿಲಿಗೆ ಇಡಬೇಡಿ. ಗ್ಲಾರ್ಜಿನ್ ತಿಳಿ ನೀರಿನಂತಿರಬೇಕು, ಮಬ್ಬಾದರೆ ಎಸೆಯಿರಿ. ಅದನ್ನು ನೀರು ಬೆರೆಸಿ ತೆಳು ಮಾಡುವುದಾಗಲಿ ಬೇರೆ ಇನ್ಸುಲಿನ್ ಜೊತೆ ಕಲಸುವುದಾಗಲಿ ಬೇಡ. ಪ್ರೋಜಿಂಕ್, ಕ್ಯಾನಿನ್ಸುಲಿನ್ ಹಾಲಿನಂತೆ ಬೆಳ್ಳಗೆ ಇರುತ್ತವೆ, ಪುಡಿ ಕೆಳಗೆ ಕೂತಿರುತ್ತದೆ, ಎಳೆಯುವ ಮುಂಚೆ ಒಂದೇ ಸಮ ಬೆಳ್ಳಗಾಗುವಂತೆ ಮಾಡಬೇಕು. ಹೇಗೆ ಅನ್ನುವುದು ಬಾಟಲಿಯ ಜೊತೆ ಬರುವ ಚೀಟಿಯಲ್ಲಿದೆ, ಒಂದನ್ನು ಅಂಗೈ ನಡುವೆ ಮೆಲ್ಲಗೆ ಉರುಳಿಸಬೇಕು, ಇನ್ನೊಂದಕ್ಕೆ ಬೇರೆ ರೀತಿ. ಬಾಟಲಿ ತೆರೆದ ತಾರೀಕನ್ನು ಮೇಲೆಯೇ ಬರೆದುಬಿಡಿ. ಹಳೆಯ ಇನ್ಸುಲಿನ್ ಮೆಲ್ಲಗೆ ಬಲ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಹೊಸದರಂತೆಯೇ ಇರುತ್ತದೆ.

ಡೋಸ್ ಎಳೆಯುವುದು, ಚುಚ್ಚುವುದು

ದಿನಕ್ಕೆ ಎರಡು ಸಲ, 12 ಗಂಟೆಗಳ ಅಂತರ. ನಿಮಗೆ ವರ್ಷವಿಡೀ ಪಾಲಿಸಲು ಆಗುವ ಸಮಯ ಆರಿಸಿ. ಬೆಳಿಗ್ಗೆ ಏಳು ಅಂದರೆ ಸಂಜೆಯೂ ಏಳು. ಅರ್ಧ ಗಂಟೆ ಆಚೀಚೆ ಆದರೆ ಚಿಂತೆಯಿಲ್ಲ.

ಕ್ರಮ ಹೀಗಿರಲಿ: ಮೊದಲು ಸಕ್ಕರೆ ನೋಡಿ, ಆಮೇಲೆ ಊಟ ಇಡಿ, ಬೆಕ್ಕು ತಿನ್ನುತ್ತಿದೆ ಅಂತ ಕಣ್ಣಾರೆ ನೋಡಿದ ಮೇಲೆ ಸೂಜಿ. ತಿನ್ನುವ ಮುಂಚೆಯೇ ಚುಚ್ಚಿ ಆಮೇಲೆ ಅದು ತಟ್ಟೆ ಮೂಸಿ ಹೋಗಿಬಿಟ್ಟರೆ ಒಳಗೆ ಹೋದ ಇನ್ಸುಲಿನ್ನನ್ನು ವಾಪಸ್ ತೆಗೆಯಲಾಗುವುದಿಲ್ಲ, ಅಲ್ವಾ?

ಸಿರಿಂಜಿಗೆ ಮೊದಲು ಡೋಸ್‌ನಷ್ಟೇ ಗಾಳಿ ಎಳೆದು ಬಾಟಲಿಗೆ ತಳ್ಳಿ. ಬಾಟಲಿಯನ್ನು ತಲೆಕೆಳಗೆ ಹಿಡಿದು, ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ಎಳೆಯಿರಿ. ಗುಳ್ಳೆ ಇದ್ದರೆ ಬೆರಳಿನಿಂದ ತಟ್ಟಿ ಮೇಲಕ್ಕೆ ತಂದು ವಾಪಸ್ ತಳ್ಳಿ, ನಂತರ ಸರಿಯಾದ ಗೆರೆಗೆ ತನ್ನಿ. ಚರ್ಮದ ಕೆಳಗೆ ಗಾಳಿ ಗುಳ್ಳೆ ಹೋದರೆ ಬೆಕ್ಕಿಗೆ ತೊಂದರೆಯಿಲ್ಲ. ತೊಂದರೆ ಏನೆಂದರೆ ಇಷ್ಟು ಸಣ್ಣ ಡೋಸ್‌ನಲ್ಲಿ ಸಾಸಿವೆಯಷ್ಟು ಗುಳ್ಳೆ ಸೇರಿಕೊಂಡರೂ ಇನ್ಸುಲಿನ್ ಇರಬೇಕಾದ ಜಾಗದ ಒಂದಷ್ಟು ಪಾಲನ್ನು ಗಾಳಿಯೇ ತುಂಬಿರುತ್ತದೆ. ಪಿಸ್ಟನ್ನಿನ ಯಾವ ಅಂಚನ್ನು ಗೆರೆಗೆ ಹೊಂದಿಸಬೇಕು ಅಂತ ಗೊಂದಲವಿದ್ದರೆ, ಸೂಜಿಯ ಕಡೆಗಿರುವ ಅಂಚು. ಬೆಳಕಿನ ಎದುರು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಮನೆಯಲ್ಲಿ ಇಬ್ಬರು ಕೊಡುವುದಾದರೆ ಇಬ್ಬರೂ ಒಂದೇ ರೀತಿ ಓದುತ್ತಿದ್ದೀರಾ ಅಂತ ಒಂದು ದಿನ ಪಕ್ಕದಲ್ಲಿ ನಿಂತು ಪರೀಕ್ಷೆ ಮಾಡಿಕೊಳ್ಳಿ.

ಎಲ್ಲಿ ಚುಚ್ಚಬೇಕು? ಹಿಂದೆಲ್ಲ ಕುತ್ತಿಗೆಯ ಹಿಂದಿನ ಸಡಿಲ ಚರ್ಮಕ್ಕೆ ಚುಚ್ಚಿ ಅನ್ನುತ್ತಿದ್ದರು. ಅಲ್ಲಿ ರಕ್ತ ಸಂಚಾರ ಕಡಿಮೆ, ಮತ್ತೆ ಮತ್ತೆ ಚುಚ್ಚಿದರೆ ಚರ್ಮ ದಪ್ಪವಾಗಿ ಇನ್ಸುಲಿನ್ ಒಂದೊಂದು ದಿನ ಒಂದೊಂದು ಥರ ಹೀರಿಕೊಳ್ಳುತ್ತದೆ. ಎದೆಯ ಪಕ್ಕ, ಹೊಟ್ಟೆಯ ಪಕ್ಕ, ಸೊಂಟದ ಹತ್ತಿರ ಇವು ಒಳ್ಳೆಯ ಜಾಗಗಳು. ಬೆಳಿಗ್ಗೆ ಎಡಕ್ಕೆ, ಸಂಜೆ ಬಲಕ್ಕೆ ಅಂತ ಇಟ್ಟುಕೊಂಡು ದಿನಾ ಒಂದೆರಡು ಬೆರಳು ಸರಿಸುತ್ತಾ ಹೋಗಿ.

ಎಡಗೈಯಿಂದ ಚರ್ಮವನ್ನು ಮೇಲಕ್ಕೆತ್ತಿ. ಹೆಬ್ಬೆರಳಿಗೂ ಮಧ್ಯದ ಬೆರಳಿಗೂ ನಡುವೆ ಅದು ಗುಡಾರದಂತೆ ನಿಲ್ಲುತ್ತದೆ, ತೋರುಬೆರಳಿನಿಂದ ಮೇಲೆ ಒತ್ತಿದರೆ ಒಂದು ಪುಟ್ಟ ಗುಳಿ ಸಿಗುತ್ತದೆ. ಆ ಗುಳಿಗೆ ಸೂಜಿಯನ್ನು ಸುಮಾರು 45 ಡಿಗ್ರಿ ಓರೆಯಾಗಿ ಒಂದೇ ಸಲಕ್ಕೆ ಒಳಗೆ ಬಿಡಿ. ಅಳುಕಿ ಅಳುಕಿ ತಳ್ಳಿದರೆ ಜಾಸ್ತಿ ನೋವು. ಪಿಸ್ಟನ್ ಪೂರ್ತಿ ಒತ್ತಿ, ಒಂದೆರಡು ಕ್ಷಣ ಹಾಗೇ ಹಿಡಿದು, ಹೊರಗೆ ತೆಗೆಯಿರಿ. ಆಮೇಲೆ ಆ ಜಾಗದ ಕೂದಲನ್ನು ಬೆರಳಿನಿಂದ ಸವರಿ ಮೂಸಿ ನೋಡಿ. ಒದ್ದೆಯಾಗಿದ್ದರೆ, ಆಸ್ಪತ್ರೆಯ ಮುಲಾಮಿನಂಥ ಘಾಟು ಬಂದರೆ, ಸೂಜಿ ಚರ್ಮದ ಇನ್ನೊಂದು ಬದಿಯಿಂದ ಹೊರಗೆ ಬಂದು ಇನ್ಸುಲಿನ್ ಕೂದಲಿಗೆ ಚೆಲ್ಲಿದೆ.

ಆಗ ಏನು ಮಾಡುವುದು? ಏನೂ ಮಾಡಬೇಡಿ. ಅರ್ಧ ಹೋಯಿತಾ, ಪೂರ್ತಿ ಚೆಲ್ಲಿತಾ ಅಂತ ಗೊತ್ತಿಲ್ಲದಿರುವಾಗ ಮತ್ತೊಂದು ಸೂಜಿ ಕೊಡುವಂತಿಲ್ಲ. ಪುಸ್ತಕದಲ್ಲಿ 'ಚೆಲ್ಲಿದೆ' ಅಂತ ಬರೆದು ಮುಂದಿನ ಹೊತ್ತಿಗೆ ಮಾಮೂಲಿ ಡೋಸ್ ಕೊಡಿ. ಮನೆಯಲ್ಲಿ ಯಾರಾದರೂ ಆಗಲೇ ಕೊಟ್ಟಿದ್ದಾರಾ ಅಂತ ಸಂಶಯ ಬಂದರೂ ಇದೇ ಉತ್ತರ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಕೊಟ್ಟ ತಕ್ಷಣ ಗುರುತು ಹಾಕುವ ಅಭ್ಯಾಸ ಮಾಡಿದರೆ ಈ ಸಂಶಯವೇ ಬರುವುದಿಲ್ಲ. ಬಳಸಿದ ಸಿರಿಂಜ್‌ಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿಡಿ, ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ, ಕಸ ಎತ್ತುವವರ ಕೈಗೆ ಚುಚ್ಚುತ್ತದೆ.

ಸಕ್ಕರೆ ನೋಡುವುದು

ಮನೆಯಲ್ಲಿ ಸಕ್ಕರೆ ನೋಡದೆ ಬರೀ ಡೋಸ್ ಕೊಡುತ್ತಾ ಹೋಗುವುದು ನನಗೆ ಸುತರಾಂ ಇಷ್ಟವಿಲ್ಲ. ಎಷ್ಟೋ ಬೆಕ್ಕುಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಹೆದರಿಕೆಗೇ ಸಕ್ಕರೆ ಏರಿಬಿಡುತ್ತದೆ. ಅಲ್ಲಿಯ ಒಂದು ಸಂಖ್ಯೆ ನೋಡಿ ಡೋಸ್ ಏರಿಸಿದರೆ ಮನೆಗೆ ಬಂದ ಮೇಲೆ ಸಕ್ಕರೆ ಕುಸಿಯಬಹುದು. ಮನೆಯ ರೀಡಿಂಗ್‌ಗೆ ಬೆಲೆ ಜಾಸ್ತಿ.

ರಕ್ತ ತೆಗೆಯುವುದು ಕಿವಿಯ ಅಂಚಿನಿಂದ. ಕಿವಿಯ ಹೊರ ಅಂಚಿನ ಉದ್ದಕ್ಕೂ ಒಂದು ಸಣ್ಣ ರಕ್ತನಾಳ ಓಡುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಚುಚ್ಚಬೇಕಾದದ್ದು ನಾಳಕ್ಕಲ್ಲ, ನಾಳಕ್ಕೂ ಅಂಚಿಗೂ ನಡುವಿನ ಜಾಗಕ್ಕೆ. ಮೊದಲು ಬೆಚ್ಚಗಿನ ಒದ್ದೆ ಬಟ್ಟೆಯನ್ನು ಕಿವಿಗೆ ಹಿಡಿಯಿರಿ, ಕಿವಿ ತಣ್ಣಗಿದ್ದರೆ ರಕ್ತ ಬರುವುದೇ ಇಲ್ಲ. ಕಿವಿಯ ಒಳಬದಿಗೆ ಮಡಚಿದ ಹತ್ತಿ ಇಟ್ಟುಕೊಳ್ಳಿ, ನಿಮ್ಮ ಬೆರಳಿಗೆ ಚುಚ್ಚಿಕೊಳ್ಳುವುದು ತಪ್ಪುತ್ತದೆ. ಹನಿ ಬಂದ ಮೇಲೆ ಸಕ್ಕರೆ ಮೀಟರಿನ ಸ್ಟ್ರಿಪ್ಪನ್ನು ಹನಿಯ ಹತ್ತಿರ ತಂದರೆ ಅದೇ ಹೀರಿಕೊಳ್ಳುತ್ತದೆ. ನಂತರ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಮತ್ತೆ ಅದಕ್ಕೆ ಇಷ್ಟದ ತಿಂಡಿ ಕೊಡಿ. ಪ್ರತಿ ಸಲ ಒಂದೇ ಜಾಗ, ಒಂದೇ ಬಟ್ಟೆ, ಕೊನೆಗೆ ಅದೇ ತಿಂಡಿ. ಬೆಕ್ಕುಗಳು ಇದನ್ನು ಬೇಗ ಕಲಿಯುತ್ತವೆ, ಕೆಲವು ತಾವಾಗಿಯೇ ಬಂದು ಕೂರುತ್ತವೆ.

ಮನುಷ್ಯರ ಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಬೆಕ್ಕಿನ ರಕ್ತದಲ್ಲಿ ಸಕ್ಕರೆ ಬಹುಪಾಲು ದ್ರವದ ಭಾಗದಲ್ಲೇ ಇರುತ್ತದೆ, ಕೆಂಪು ಕಣಗಳೊಳಗೆ ತೀರಾ ಕಡಿಮೆ, ಮನುಷ್ಯರಲ್ಲಿ ಹಾಗಲ್ಲ. ಆಲ್ಫಾಟ್ರ್ಯಾಕ್ ಥರದ ಪ್ರಾಣಿಗಳ ಮೀಟರ್ ಈ ವ್ಯತ್ಯಾಸ ಲೆಕ್ಕ ಹಾಕಿಕೊಂಡಿರುತ್ತದೆ. ಮನುಷ್ಯರದ್ದು ಬಳಸಿದರೂ ನಡೆಯುತ್ತದೆ, ಆದರೆ ಯಾವುದು ಅಂತ ವೈದ್ಯರಿಗೆ ಹೇಳಿರಬೇಕು, ಮಧ್ಯದಲ್ಲಿ ಮೀಟರ್ ಬದಲಿಸಬಾರದು. ಚರ್ಮಕ್ಕೆ ಅಂಟಿಸುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಕೂಡ ಬೆಕ್ಕಿಗೆ ಬಳಸುತ್ತಾರೆ. ಅದು ಕೆಲಸ ಮಾಡುವುದು 14 ದಿನ, ಬೆಕ್ಕಿನ ಮೈಯಲ್ಲಿ ಅಷ್ಟು ದಿನ ಉಳಿಯದೆ ಬಿದ್ದುಹೋಗುವುದೂ ಉಂಟು. ಅದು ತೀರಾ ಕಡಿಮೆ ಸಂಖ್ಯೆ ತೋರಿಸಿದರೆ ಕಿವಿಯ ರಕ್ತದಲ್ಲಿ ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ. ಬೆಕ್ಕು ಜೋಲಾಡುತ್ತಿದ್ದರೆ ಮಾತ್ರ ಖಾತ್ರಿಗೆ ಕಾಯಬೇಡಿ.

ಸೂಜಿಗೆ ಮುಂಚಿನ ಸಂಖ್ಯೆ ಎಷ್ಟಿದ್ದರೆ ಕೊಡಬಾರದು ಅಂತ ಮೊದಲ ದಿನವೇ ವೈದ್ಯರಿಂದ ಬರೆಸಿಕೊಳ್ಳಿ. ಹೊಸಬರಿಗೆ ಎಷ್ಟೋ ಜನ ಹೇಳುವ ಗಡಿ 200 ಮಿಲಿಗ್ರಾಂ (ಮೀಟರಿನಲ್ಲಿ mg/dL). ಅದಕ್ಕಿಂತ ಕಡಿಮೆ ಇದ್ದರೆ ಸೂಜಿ ಹಿಡಿದುಕೊಂಡು ಯೋಚಿಸಬೇಡಿ, ಫೋನ್ ಮಾಡಿ. ನಿಮ್ಮ ಮೀಟರ್ 5, 10, 20 ಥರದ ಸಣ್ಣ ಸಂಖ್ಯೆ ತೋರಿಸುತ್ತಿದ್ದರೆ ಅದು ಬೇರೆ ಅಳತೆ, ಮಿಲಿಮೋಲ್. ಅದನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ ಲೆಕ್ಕ ಸಿಗುತ್ತದೆ.

ಒಂದು ಸಂಖ್ಯೆ ನೋಡಿ ಡೋಸ್ ಏರಿಸಬೇಡಿ

ಡೋಸ್ ಸರಿಯಿದೆಯಾ ಅಂತ ತಿಳಿಯಲು ಒಂದು ದಿನ ಪೂರ್ತಿ ಕೂತು, ಒಂದು ಸೂಜಿಯಿಂದ ಇನ್ನೊಂದು ಸೂಜಿಯವರೆಗೆ ಎರಡು ಗಂಟೆಗೊಮ್ಮೆ ಸಕ್ಕರೆ ನೋಡಬೇಕು. ಇದನ್ನು ಕರ್ವ್ ಅನ್ನುತ್ತಾರೆ. ಹೀಗೊಂದು ದಿನ ಬಂತು ಅಂದುಕೊಳ್ಳಿ: ಬೆಳಿಗ್ಗೆ ಸೂಜಿಗೆ ಮುಂಚೆ 380, ಸೂಜಿ ಕೊಟ್ಟು ಎರಡು ಗಂಟೆಯಾದಾಗ 310, ನಾಲ್ಕಕ್ಕೆ 210, ಆರಕ್ಕೆ 110, ಎಂಟಕ್ಕೆ 150, ಹತ್ತಕ್ಕೆ 240, ಸಂಜೆ ಸೂಜಿಗೆ ಮುಂಚೆ 340.

ಬೆಳಿಗ್ಗೆ ಮತ್ತು ಸಂಜೆ ಮಾತ್ರ ನೋಡಿದ್ದರೆ ನಿಮ್ಮ ಕೈಯಲ್ಲಿ ಇರುತ್ತಿದ್ದದ್ದು 380 ಮತ್ತು 340. ಯಾರಿಗಾದರೂ ಅನಿಸುತ್ತದೆ, ಡೋಸ್ ಸಾಲುತ್ತಿಲ್ಲ, ಇನ್ನರ್ಧ ಏರಿಸೋಣ ಅಂತ. ಆದರೆ ಮಧ್ಯಾಹ್ನ ಅದು 110ಕ್ಕೆ ಇಳಿದು ಬಂದಿದೆ. ಇನ್ನು ಏರಿಸಿದರೆ ಆ 110 ಎಲ್ಲಿಗೆ ಹೋಗುತ್ತದೆ ಯೋಚಿಸಿ, ಅದೂ ನೀವು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ. ಡೋಸ್ ತೀರ್ಮಾನ ಮಾಡಬೇಕಾದದ್ದು ಆ ತಳ ಸಂಖ್ಯೆ ನೋಡಿ. ತಳ ಸುಮಾರು 80ರಿಂದ 150ರ ನಡುವೆ ಇದ್ದರೆ ಡೋಸ್ ತನ್ನ ಕೆಲಸ ಮಾಡುತ್ತಿದೆ. 80ಕ್ಕಿಂತ ಕೆಳಗೆ ಹೋದರೆ ಡೋಸ್ ಇಳಿಸುವ ಮಾತಾಡಬೇಕು. ತಳವೇ 200, 250 ಇದ್ದರೆ, ಬೆಕ್ಕು ಇನ್ನೂ ವಿಪರೀತ ನೀರು ಕುಡಿಯುತ್ತಿದ್ದರೆ, ಆಗ ಏರಿಸುವ ಮಾತು. ಮೇಲಿನ ಉದಾಹರಣೆಯಂತೆ ತಳ ಸರಿಯಿದ್ದು ಎರಡು ತುದಿಯೂ ಎತ್ತರವಿದ್ದರೆ ಆ ಇನ್ಸುಲಿನ್ ನಿಮ್ಮ ಬೆಕ್ಕಿನಲ್ಲಿ ಪೂರ್ತಿ 12 ಗಂಟೆ ಉಳಿಯುತ್ತಿಲ್ಲ ಅಂತಲೂ ಇರಬಹುದು, ಆಗ ಡೋಸ್ ಅಲ್ಲ, ಇನ್ಸುಲಿನ್ ಬದಲಿಸುವ ಬಗ್ಗೆ ವೈದ್ಯರ ಹತ್ತಿರ ಮಾತಾಡಿ.

ಬದಲಾವಣೆ ಅಂದರೆ ಒಂದು ಸಲಕ್ಕೆ ಅರ್ಧ ಯೂನಿಟ್, ಹೆಚ್ಚೆಂದರೆ ಒಂದು. ಬದಲಿಸಿದ ಮೇಲೆ 5ರಿಂದ 7 ದಿನ ಸುಮ್ಮನಿರಬೇಕು. ಗ್ಲಾರ್ಜಿನ್ ಚರ್ಮದ ಕೆಳಗೆ ಶೇಖರವಾಗಿ ನಿಧಾನಕ್ಕೆ ಬಿಡುಗಡೆಯಾಗುವಂಥದ್ದು, ಹೊಸ ಡೋಸ್‌ನ ಪೂರ್ತಿ ಪರಿಣಾಮ ಕಾಣಲು ಕೆಲವು ದಿನ ಬೇಕು. ಎರಡನೇ ದಿನವೇ 'ಏನೂ ಆಗಲಿಲ್ಲ' ಅಂತ ಮತ್ತೆ ಏರಿಸಿದರೆ ನಾಲ್ಕನೇ ದಿನ ಎರಡೂ ಸೇರಿ ಹೊಡೆಯುತ್ತವೆ. ಇಳಿಸುವುದಕ್ಕೆ ಈ ಕಾಯುವಿಕೆ ಇಲ್ಲ. ಸಕ್ಕರೆ ಕುಸಿದರೆ ಅವತ್ತೇ ಫೋನ್ ಮಾಡಿ ಅವತ್ತೇ ಇಳಿಸುವುದು.

ಸಕ್ಕರೆಯ ಜೊತೆಗೆ ಇನ್ನೂ ಮೂರು ವಿಷಯ ಬರೆದಿಡಿ: ಎಷ್ಟು ತಿಂತು, ಎಷ್ಟು ನೀರು ಕುಡಿಯಿತು, ವಾರಕ್ಕೊಮ್ಮೆ ತೂಕ. ನೀರಿನ ಬಟ್ಟಲನ್ನು ಬೆಳಿಗ್ಗೆ ಅಳೆದು ತುಂಬಿಸಿ, ಮಾರನೇ ದಿನ ಉಳಿದದ್ದು ಅಳೆದರೆ ಸಾಕು. ದಿನಕ್ಕೆ ಕೆಜಿಗೆ 100 ಮಿಲಿಲೀಟರ್ ದಾಟುತ್ತಿದ್ದರೆ ಅದು ಜಾಸ್ತಿ. ಲಿಟರ್ ಮರಳಿನಲ್ಲಿ ಮೂತ್ರದ ಗಟ್ಟಿ ಉಂಡೆಗಳು ಚಿಕ್ಕದಾಗಿವೆ, ತೂಕ ನಿಂತಿದೆ, ಬೆಕ್ಕು ಮೊದಲಿನಂತೆ ಮೈ ನೆಕ್ಕಿಕೊಳ್ಳುತ್ತಿದೆ, ಕಿಟಕಿ ಹತ್ತುತ್ತಿದೆ ಅಂದರೆ ಮೀಟರ್ ಒಂದು ದಿನ 300 ತೋರಿಸಿದ್ದಕ್ಕೆ ಎದೆಗುಂದಬೇಡಿ. ವೈದ್ಯರು ನಡುನಡುವೆ ಫ್ರಕ್ಟೋಸಮಿನ್ ಅನ್ನುವ ರಕ್ತ ಪರೀಕ್ಷೆ ಮಾಡಿಸಬಹುದು, ಅದು ಹಿಂದಿನ ಒಂದೆರಡು ವಾರದ ಸರಾಸರಿ ಸ್ಥಿತಿ ಹೇಳುತ್ತದೆ.

ಊಟ ಬದಲಿಸುವಾಗ ಹುಷಾರು

ಡಯಾಬಿಟಿಸ್ ಇರುವ ಬೆಕ್ಕಿಗೆ ಪ್ರೋಟೀನ್ ಜಾಸ್ತಿ, ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟ ಒಳ್ಳೆಯದು. ಡಬ್ಬಿಯಲ್ಲಿ ಬರುವ ಮೆದು ಆಹಾರ ಸಾಮಾನ್ಯವಾಗಿ ಒಣ ಕಾಳಿನ ಆಹಾರಕ್ಕಿಂತ ವಾಸಿ. ಇದನ್ನು ಎಲ್ಲರೂ ಹೇಳುತ್ತಾರೆ. ಜೊತೆಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ: ಇನ್ಸುಲಿನ್ ನಡೆಯುತ್ತಿರುವಾಗ ಒಣ ಆಹಾರದಿಂದ ಕಡಿಮೆ ಕಾರ್ಬ್‌ಗೆ ಬದಲಾದರೆ ಬೇಕಾಗುವ ಇನ್ಸುಲಿನ್ ಒಮ್ಮೆಲೇ ಇಳಿಯಬಹುದು. ಹಳೆಯ ಡೋಸನ್ನೇ ಮುಂದುವರಿಸಿದರೆ ಅದು ಅತಿ ಡೋಸ್. ಹಾಗಾಗಿ ಊಟ ಬದಲಿಸುವ ದಿನವನ್ನು ವೈದ್ಯರಿಗೆ ಮೊದಲೇ ಹೇಳಿ, ಕೆಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿ, ಆ ದಿನಗಳಲ್ಲಿ ಸಕ್ಕರೆ ಹೆಚ್ಚು ಸಲ ನೋಡಿ. ದಪ್ಪ ಬೆಕ್ಕನ್ನು ತೆಳ್ಳಗೆ ಮಾಡುವುದೂ ನಿಧಾನಕ್ಕೆ. ಉಪವಾಸ ಕೆಡವಿದರೆ ಬೆಕ್ಕಿನ ಲಿವರಿಗೆ ಕೊಬ್ಬು ತುಂಬಿಕೊಳ್ಳುತ್ತದೆ, ಅದು ಇನ್ನೊಂದು ದೊಡ್ಡ ಕಾಯಿಲೆ.

ತಿನ್ನದ ದಿನ

ಬೆಕ್ಕು ಅರ್ಧ ತಿಂದು ಬಿಟ್ಟರೆ? ವಾಂತಿ ಮಾಡಿದರೆ? ಪೂರ್ತಿ ಡೋಸ್ ಕೊಡಬೇಡಿ. ಕೆಲವು ವೈದ್ಯರು ಅರ್ಧ ಡೋಸ್ ಅನ್ನುತ್ತಾರೆ, ಕೆಲವರು ಬಿಟ್ಟುಬಿಡಿ ಅನ್ನುತ್ತಾರೆ, ಬೆಕ್ಕಿನ ಸ್ಥಿತಿ ನೋಡಿ ಉತ್ತರ ಬದಲಾಗುತ್ತದೆ. ಮೊದಲ ಭೇಟಿಯಲ್ಲೇ 'ತಿನ್ನದಿದ್ದರೆ ಏನು ಮಾಡಲಿ' ಅಂತ ಕೇಳಿ ಬರೆದಿಟ್ಟುಕೊಳ್ಳಿ. ಆದರೆ ಒಂದು ದಿನ ಪೂರ್ತಿ ತಿನ್ನದೆ ಮಂಕಾಗಿ ಕೂತರೆ ಮನೆಯಲ್ಲಿ ಕಾಯಬೇಡಿ. ಸಕ್ಕರೆ ಜಾಸ್ತಿ ಇದ್ದು, ಇನ್ಸುಲಿನ್ ಸಾಲದೆ, ದೇಹ ಕೊಬ್ಬನ್ನು ಒಡೆದು ಕೀಟೋನ್ ಮಾಡಿಕೊಂಡು ರಕ್ತ ಆಮ್ಲವಾಗುವ ಸ್ಥಿತಿ ಇದೆ, ಕೀಟೋಅಸಿಡೋಸಿಸ್. ವಾಂತಿ, ಊಟ ಬಿಡುವುದು, ನಿತ್ರಾಣ, ಜೋರು ಉಸಿರು, ಬಾಯಿಂದ ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ ಇವು ಗುರುತು. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿಗಳು ಮನೆಯಲ್ಲಿರಲಿ. ಪಟ್ಟಿಯ ಬಣ್ಣ ಬದಲಾಗಿ, ಬೆಕ್ಕು ಮಂಕಾಗಿದ್ದರೆ ಅದು ಆಸ್ಪತ್ರೆಯ ಕೆಲಸ, ರಾತ್ರಿಯಾದರೂ ಸರಿ.

ಸಕ್ಕರೆ ಕುಸಿದಾಗ

ಸಕ್ಕರೆ 60ಕ್ಕಿಂತ ಕೆಳಗಿಳಿದರೆ ಬೆಕ್ಕು ನೋಡಲು ಸರಿಯಾಗಿದ್ದರೂ ತುರ್ತು ಅಂತಲೇ ತಿಳಿಯಿರಿ. ಲಕ್ಷಣಗಳು: ಇದ್ದಕ್ಕಿದ್ದಂತೆ ವಿಪರೀತ ಹಸಿವು, ಅಥವಾ ಮೂಲೆ ಸೇರಿ ಅಡಗುವುದು, ಕಣ್ಣಿನ ಪಾಪೆ ಅಗಲವಾಗುವುದು, ನಡುಕ, ಕುಡಿದವರಂತೆ ತೂರಾಡುವುದು, ಕರೆದರೆ ತಿರುಗದಿರುವುದು, ಕೊನೆಗೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಡಯಾಬಿಟಿಸ್‌ನಿಂದ ನರ ಸೋತ ಬೆಕ್ಕು ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯುತ್ತದೆ, ಅದು ವಾರಗಟ್ಟಲೆ ನಿಧಾನಕ್ಕೆ ಬರುವಂಥದ್ದು. ನಿನ್ನೆ ಸರಿಯಿದ್ದು ಇವತ್ತು ತೂರಾಡಿದರೆ ಅದು ಬೇರೆ, ಅದು ಲೋ ಶುಗರ್.

ಪ್ರಜ್ಞೆ ಇದೆ, ನುಂಗುತ್ತದೆ ಅಂದರೆ ತಕ್ಷಣ ಊಟ ಕೊಡಿ, ಈ ಹೊತ್ತಿಗೆ ಕಾರ್ಬೋಹೈಡ್ರೇಟ್ ಇರುವ ಒಣ ಆಹಾರವೇ ಒಳ್ಳೆಯದು. ತಿನ್ನದಿದ್ದರೆ ಒಂದು ಚಮಚದಷ್ಟು ಜೇನುತುಪ್ಪ ಅಥವಾ ಗ್ಲೂಕೋಸ್ ಪಾಕವನ್ನು ಸ್ವಲ್ಪ ಸ್ವಲ್ಪವೇ ಒಸಡಿಗೆ ಸವರಿ. ಫಿಟ್ಸ್ ಬಂದಿದ್ದರೆ, ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ತುಟಿಯ ಒಳಗೆ, ಒಸಡಿನ ಮೇಲೆ ತೆಳ್ಳಗೆ ಸವರುತ್ತಾ, ಹಲ್ಲುಗಳ ನಡುವೆ ಬೆರಳು ಹೋಗದಂತೆ ನೋಡಿಕೊಂಡು, ಆಸ್ಪತ್ರೆಗೆ ಹೊರಡಿ. ಇದಕ್ಕಾಗಿ ಒಂದು ಪುಟ್ಟ ಬಾಟಲಿ ಪಾಕವನ್ನು ಮೀಟರಿನ ಪಕ್ಕದಲ್ಲೇ ಇಟ್ಟಿರಿ, ಹುಡುಕುವ ಹೊತ್ತಲ್ಲ ಅದು.

ಜೇನುತುಪ್ಪ ಕೊಟ್ಟು ಎದ್ದು ಓಡಾಡಿತು ಅಂತ ಅಲ್ಲಿಗೇ ಬಿಡಬೇಡಿ. ಸಕ್ಕರೆಯ ಪರಿಣಾಮ ಬೇಗ ಮುಗಿಯುತ್ತದೆ, ಒಳಗಿರುವ ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಕಾಲು ಗಂಟೆಗೊಮ್ಮೆ ಸಕ್ಕರೆ ನೋಡಿ, ಊಟ ಕೊಡಿ, ವೈದ್ಯರಿಗೆ ಫೋನ್ ಮಾಡಿ. ಮುಂದಿನ ಸೂಜಿಯನ್ನು ಅವರನ್ನು ಕೇಳದೆ ಕೊಡಬೇಡಿ.

ಡೋಸ್ ಏರುತ್ತಲೇ ಹೋದರೆ, ಇಳಿಯುತ್ತಲೇ ಬಂದರೆ

ಎಷ್ಟು ಏರಿಸಿದರೂ ಸಕ್ಕರೆ ಬಗ್ಗುತ್ತಿಲ್ಲ ಅಂದರೆ ಮತ್ತೆ ಏರಿಸುವ ಮುಂಚೆ ಕಾರಣ ಹುಡುಕಿಸಿ. ಇನ್ಸುಲಿನ್ ಹಳೆಯದಾಗಿದೆಯಾ, ಸೂಜಿ ಚೆಲ್ಲುತ್ತಿದೆಯಾ ಅನ್ನುವುದು ಮೊದಲು. ಆಮೇಲೆ ಹಲ್ಲು ಮತ್ತು ಒಸಡಿನ ಸೋಂಕು, ಮೂತ್ರದ ಸೋಂಕು, ಯಾವುದೋ ಮುಲಾಮಿನಲ್ಲೋ ಕಣ್ಣಿನ ಹನಿಯಲ್ಲೋ ಇರುವ ಸ್ಟೀರಾಯ್ಡ್. ಇವೆಲ್ಲ ಇಲ್ಲದಿದ್ದರೆ ಆಕ್ರೋಮೆಗಾಲಿ ಅಂತ ಒಂದಿದೆ, ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ಗಡ್ಡೆ ಬೆಳವಣಿಗೆಯ ಹಾರ್ಮೋನನ್ನು ಜಾಸ್ತಿ ಸುರಿಸುವುದು. ಡಯಾಬಿಟಿಸ್ ಹಿಡಿತದಲ್ಲಿಲ್ಲದಿದ್ದರೂ ತೂಕ ಏರುತ್ತಿರುವ ಬೆಕ್ಕಿಗೆ ಇದರ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಇನ್ಸುಲಿನ್ ಬದಲು ಬಾಯಿಗೆ ಕೊಡುವ ಔಷಧಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ಅಮೆರಿಕದಲ್ಲಿ 2022ರಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಆ ಒಪ್ಪಿಗೆ ಇರುವುದು ಮೊದಲು ಇನ್ಸುಲಿನ್ ತೆಗೆದುಕೊಳ್ಳದ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ. ಇದರಲ್ಲಿ ಸಕ್ಕರೆ ಮಾಮೂಲಿಯಾಗಿ ಕಾಣುತ್ತಿದ್ದರೂ ಕೀಟೋಅಸಿಡೋಸಿಸ್ ಆಗಬಹುದು. ಇನ್ಸುಲಿನ್ ನಡೆಯುತ್ತಿರುವ ಬೆಕ್ಕಿಗೆ ನೀವಾಗಿಯೇ ಬದಲಿಸುವ ವಸ್ತು ಅಲ್ಲ.

ಇನ್ನು ಡೋಸ್ ತಾನಾಗಿ ಇಳಿಯುತ್ತಾ ಬಂದರೆ, ಅಂದರೆ ತಳ ಸಂಖ್ಯೆ ಮತ್ತೆ ಮತ್ತೆ ಕೆಳಗೆ ಬಂದು ವೈದ್ಯರು ಅರ್ಧ ಅರ್ಧ ಇಳಿಸುತ್ತಾ ಹೋದರೆ, ಬೆಕ್ಕು ಇನ್ಸುಲಿನ್ ಬಿಡುವ ದಾರಿಯಲ್ಲಿದೆ ಅಂತ ಅರ್ಥ. ಈ ಹಂತದಲ್ಲೇ ಸಕ್ಕರೆ ಹೆಚ್ಚು ಸಲ ನೋಡಬೇಕು. ಪೂರ್ತಿ ನಿಲ್ಲಿಸಿದ ಮೇಲೂ ಕಡಿಮೆ ಕಾರ್ಬ್ ಊಟ ಬಿಡಬೇಡಿ, ತೂಕ ಏರಲು ಬಿಡಬೇಡಿ. ವಾರಕ್ಕೊಮ್ಮೆ ಮೂತ್ರದ ಪಟ್ಟಿ ಅಥವಾ ಕಿವಿಯ ರಕ್ತದಲ್ಲಿ ಸಕ್ಕರೆ ನೋಡುತ್ತಿರಿ, ನೀರಿನ ಬಟ್ಟಲು ಅಳೆಯುತ್ತಿರಿ. ಮುಂದೆ ಯಾವತ್ತಾದರೂ ಬೇರೆ ಕಾಯಿಲೆಗೆ ಬೇರೆ ಡಾಕ್ಟರ್ ಹತ್ತಿರ ಹೋದರೆ, ಅವರು ಔಷಧಿ ಬರೆಯುವ ಮುಂಚೆಯೇ ಹೇಳಿ: ಈ ಬೆಕ್ಕಿಗೆ ಮೊದಲು ಡಯಾಬಿಟಿಸ್ ಇತ್ತು, ಸ್ಟೀರಾಯ್ಡ್ ಬಿಟ್ಟು ಬೇರೆ ದಾರಿ ಇದೆಯಾ ನೋಡಿ.